ಬೋರಪ್ಪನ ಮೇಲ್ದವಡೆ

ಷಡ್ಡಕನ ಬಾಯಿಗೆ ಹೊಸ ಹಲ್ಲು ಬಂದರೆ ಇವನ ಹೊಟ್ಟೆಗೆ ಯಾಕಪ್ಪ ಬೆಂಕಿ ಬೀಳಬೇಕು? ಬಿತ್ತು. ಬೀಳಬಾರದಿತ್ತು ಅಂತ ನಾವು ನೀವು ಕೂತು ನ್ಯಾಯ ಹೇಳಬಹುದು. ಉರಿಯೋದು ಅವನ ಹೊಟ್ಟೆ, ನಮ್ಮದಲ್ಲವಲ್ಲ.

ಬಡವನಹಳ್ಳಿ ಕಡೆಯ ಬೋರಪ್ಪ ಅಂದರೆ ಕುರಿ ಸಂತೆಗಳಲ್ಲಿ ದೊಡ್ಡ ಹೆಸರು. ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಬೆಳೆದದ್ದು ಹಟ್ಟಿಯಲ್ಲಿ, ಈಗ ಅರವತ್ತೆರಡರಲ್ಲಿ ಮಾಡುತ್ತಿರುವುದು ದಲ್ಲಾಳಿ ಕೆಲಸ. ಸಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ಎಲ್ಲಿ ಕುರಿ ಕೈ ಬದಲಾದರೂ ಅಲ್ಲಿ ಬೋರಪ್ಪನ ಹೆಬ್ಬೆರಳು ಇರಬೇಕು. ಕುರಿಯ ಗದ್ದ ಹಿಡಿದು, ಕೆಳದುಟಿಯನ್ನು ಹೆಬ್ಬೆರಳಲ್ಲಿ ಇಳಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ "ಎರಡಲ್ಲು", "ನಾಕಲ್ಲು", "ಬಾಯ್ಗೂಡೈತೆ, ವಯಸ್ಸಾದ್ದು" ಅಂತ ಹೇಳಿಬಿಡುತ್ತಿದ್ದ. ಕುರಿಗೆ ಹಲ್ಲಿನ ಲೆಕ್ಕವೇ ವಯಸ್ಸಿನ ಲೆಕ್ಕ, ಅವನು ಹೇಳಿದ ಮೇಲೆ ಎರಡು ಮಾತಿಲ್ಲ. ಕುರಿಗೆ ಮೇಲ್ದವಡೆಯ ಮುಂದುಗಡೆ ಹಲ್ಲೇ ಇರುವುದಿಲ್ಲ, ಬರೀ ಗಟ್ಟಿ ಒಸಡು. ಹಾಗಾಗಿ ಜೀವಮಾನದಲ್ಲಿ ಲಕ್ಷ ಬಾಯಿ ನೋಡಿದ್ದರೂ ಮೇಲ್ದುಟಿ ಎತ್ತಿ ನೋಡುವ ಅಭ್ಯಾಸ ಅವನಿಗೆ ಬರಲೇ ಇಲ್ಲ.

ಅವನ ಸ್ವಂತ ಬಾಯಿಯ ಕತೆ ಬೇರೆ. ನಲವತ್ತಾರಕ್ಕೇ ಮೇಲಿನ ಹಲ್ಲುಗಳು ಒಂದೊಂದಾಗಿ ಅಳ್ಳಾಡತೊಡಗಿದವು. ಒಸಡಿನಿಂದ ಕೀವು ಬರುತ್ತಿತ್ತು. ಸಿರಾದಲ್ಲಿ ಯಾರೋ ಒಬ್ಬರ ಹತ್ತಿರ ಮೇಲಿನದ್ದನ್ನೆಲ್ಲ ಕೀಳಿಸಿ ಒಂದು ಸೆಟ್ಟು ಮಾಡಿಸಿಕೊಂಡು ಬಂದ. ಕೆಳಗಿನ ಹಲ್ಲುಗಳು ಮಾತ್ರ ಕಲ್ಲು ಗುಂಡಿನ ಹಾಗೆ ಹಾಗೇ ಇದ್ದವು. ಸಂತೆಯಲ್ಲಿ ಯಾರೋ, "ಬೋರಣ್ಣಂದೂ ಈಗ ಕುರಿ ಬಾಯೇ ಕಣ್ರಲಾ, ಕೆಳಗೈತೆ ಮೇಲಿಲ್ಲ" ಅಂದುಬಿಟ್ಟರು. ಅಂದವನ ಕೊರಳಪಟ್ಟಿ ಹಿಡಿದು ಬೋರಪ್ಪ ಅವತ್ತು ಸಂತೆಯನ್ನೇ ನಿಲ್ಲಿಸಿದ್ದ.

ಷಡ್ಡಕ ರಾಜಣ್ಣನದು ಕಳ್ಳಂಬೆಳ್ಳ. ಬೋರಪ್ಪನ ಹೆಂಡತಿ ಗೌರಕ್ಕನ ತಂಗಿ ವನಜಾಕ್ಷಿಯ ಗಂಡ. ಷಡ್ಡಕರ ಮಧ್ಯೆ ಇರಬೇಕಾದ ಸಣ್ಣಪುಟ್ಟ ಕಿರಿಕಿರಿ ಇದ್ದರೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಇದ್ದದ್ದು ಮೂವತ್ತೆಂಟು ವರ್ಷದ ಮುಳ್ಳು. ಗೌರಕ್ಕನನ್ನು ಮೊದಲು ನೋಡಲು ಬಂದವನು ಈ ರಾಜಣ್ಣ. ಬಂದು, ಉಪ್ಪಿಟ್ಟು ತಿಂದು, ಹುಡುಗಿಯನ್ನು ಕಣ್ತುಂಬ ನೋಡಿಕೊಂಡು ಹೋದ. ಅವರವ್ವ "ಹುಡ್ಗಿ ಉದ್ದ ಆತು" ಅಂದಳು ಅಂತ ಮಾತು ಮುರಿದುಬಿತ್ತು. ಆಮೇಲೆ ಬೋರಪ್ಪ ಬಂದ, ಮದುವೆಯಾದ. ಎರಡು ವರ್ಷ ಬಿಟ್ಟು ಅದೇ ರಾಜಣ್ಣ ಅದೇ ಮನೆಯ ಕಿರಿಯಳನ್ನು ಕಟ್ಟಿಕೊಂಡು, ನಗುನಗುತ್ತ ಹಬ್ಬಕ್ಕೆ ಹರಿದಿನಕ್ಕೆ ಎದುರು ಬಂದು ಕೂರತೊಡಗಿದ. 'ಇವನು ಇವಳನ್ನು ನನಗಿಂತ ಮುಂಚೆ ನೋಡಿದವನು' ಅನ್ನುವುದು ಬೋರಪ್ಪನ ಗಂಟಲಲ್ಲಿ ಅವತ್ತೇ ಸಿಕ್ಕಿಕೊಂಡಿತು.

ಅದರ ಮೇಲೆ ಇನ್ನೊಂದು. ಹನ್ನೆರಡು ವರ್ಷದ ಹಿಂದೆ ಬೋರಪ್ಪ ಕುರಿ ಹೊಂದಿಸಲು ಪಾವಗಡದ ಕಡೆ ಹೋಗಿ ಹತ್ತು ದಿನ ಅಲ್ಲೇ ಉಳಿದಿದ್ದ. ವಾಪಸ್ಸು ಬಂದಾಗ ಊರ ಬಾಗಿಲಲ್ಲೇ ಬೈಲಪ್ಪ ಅನ್ನುವ ಒಬ್ಬ ಪುಣ್ಯಾತ್ಮ ಸಿಕ್ಕಿ, "ನಿನ್ನೆಂಡ್ತಿ ನಿಮ್ ಷಡ್ಕನ ಮೊಪೆಡ್ಡಿನ ಮ್ಯಾಲೆ ಸಿರಾ ಕಡೀಕೆ ಹೋದ್ಲು ಕಣಣ್ಣ, ಮಕಕ್ಕೆ ಸೆರಗು ಮುಚ್ಕೊಂಡಿದ್ಲು" ಅಂದ. ಬೋರಪ್ಪ ಮನೆಗೆ ಬಂದು ಏನೂ ಕೇಳಲಿಲ್ಲ. ಕೇಳಿದರೆ ತಾನು ಸಣ್ಣವನಾಗುತ್ತೇನೆ ಅನ್ನಿಸಿತು. ಒಂದು ತಿಂಗಳು ಹೆಂಡತಿಯ ಜೊತೆ ಮಾತೇ ಆಡಲಿಲ್ಲ. ಅವಳು ಮುದ್ದೆ ಇಟ್ಟಳು, ಇವನು ನುಂಗಿದ. ತಿಂಗಳಾದ ಮೇಲೆ ಮಾತು ಬಂತು, ಪ್ರಶ್ನೆ ಬರಲಿಲ್ಲ.

ಇಷ್ಟೆಲ್ಲ ಒಳಗೆ ಇಟ್ಟುಕೊಂಡವನು ಈ ಸಲ ಕಳ್ಳಂಬೆಳ್ಳಕ್ಕೆ ರಾಜಣ್ಣನ ಮೊಮ್ಮಗನ ಜವಳದ ಬಾಡೂಟಕ್ಕೆ ಹೋಗಿ ಕೂತ.

ರಾಜಣ್ಣ ಎದುರಿಗೇ ಕೂತಿದ್ದ. ಕೂತವನು ಸುಮ್ಮನೆ ಉಂಡನೇ? ಎರಡು ವರ್ಷದ ಹಿಂದೆ ಅದೇ ಮೊಪೆಡ್ಡಿನಿಂದ ಬಿದ್ದು ಮುಂದಿನ ನಾಲ್ಕು ಮೇಲ್ಹಲ್ಲು ಮುರಿದುಕೊಂಡಿದ್ದ. ಮೂಳೆಯೊಳಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಚಿಕಿತ್ಸೆಯನ್ನು ತುಮಕೂರಲ್ಲಿ ಮಾಡಿಸಿಕೊಂಡು ಬಂದಿದ್ದ. ಈಗ ಒಂದು ದೊಡ್ಡ ಮೂಳೆಯನ್ನು ಎತ್ತಿ ಹಿಡಿದು, ಮುಂದಿನ ಹಲ್ಲಿನಿಂದ ಬಾಡನ್ನು ಸರ್ರನೆ ಕಿತ್ತು, ಪಂಕ್ತಿಗೆಲ್ಲ ಕಾಣುವ ಹಾಗೆ ನಕ್ಕ.

"ಗ್ವಾಡೆಗೆ ಮೊಳೆ ಹೊಡ್ದಂಗೆ ಹೊಡ್ದವ್ರೆ ಕಣಣ್ಣ. ಎತ್ತು ಕಟ್ಟಿ ಎಳುದ್ರೂ ಅಳ್ಳಾಡಕಿಲ್ಲ," ಅಂದ.

ಬೋರಪ್ಪನಿಗೆ ಸುಮ್ಮನಿರಲು ಏನಾಗಿತ್ತು ಧಾಡಿ? ತಾನೂ ಅಷ್ಟೇ ದೊಡ್ಡ ಮೂಳೆ ಎತ್ತಿ ಕಚ್ಚಿ ಎಳೆದ. ಮೂಳೆ ಬಂತು. ಮೂಳೆಯ ಜೊತೆ ಹಲ್ಲಿನ ಸೆಟ್ಟೂ ಬಂತು. ಬಂದು, ಎಲೆಯ ಮೇಲೆ ಮುದ್ದೆಯ ಪಕ್ಕದಲ್ಲಿ ಕೂತು, ಅವನನ್ನೇ ನೋಡಿ ನಕ್ಕಿತು. ಟವಲು ಮುಚ್ಚಿ ಅದನ್ನು ಬಾಚಿ ಬಾಯಿಗೆ ತುರುಕಿಕೊಳ್ಳುವಷ್ಟರಲ್ಲಿ ಪಂಕ್ತಿಯ ಆ ತುದಿಯಿಂದ ಈ ತುದಿಗೆ ನಗು ಹರಿದಿತ್ತು.

"ಅಣ್ಣ, ನೀನೂ ಇಂಗೇ ಹಾಕುಸ್ಕೊಂಬುಡು ಅತ್ಲಾಗೆ," ಅಂದ ರಾಜಣ್ಣ. ಒಳ್ಳೆಯ ಮನಸ್ಸಿಂದಲೇ ಅಂದ. ಅದು ಇನ್ನೂ ಉರಿಯಿತು.

ಕೈ ತೊಳೆಯಲು ಹಿತ್ತಲಿಗೆ ಹೋದವನು ನೀರಿನ ಡ್ರಮ್ಮಿನ ಹಿಂದೆ ಕಂಡದ್ದು ನೋಡಿ ನಿಂತಲ್ಲೇ ನಿಂತ. ರಾಜಣ್ಣ ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದ. ಗೌರಕ್ಕ ಬಗ್ಗಿ ಆ ಬಾಯೊಳಗೆ ಇಣುಕುತ್ತಿದ್ದಳು. "ಇನ್ನೊಂದ್ಸಲ ತಗಿ, ಸರ್ಯಾಗಿ ಕಾಣ್ನಿಲ್ಲ. ನೋವಾತಾ? ಎಷ್ಟು ದಿನ ಹಿಡೀತು?" ಅಂತ ಕೇಳುತ್ತಿದ್ದಳು. ರಾಜಣ್ಣ ಏನೋ ಪಿಸುಗುಟ್ಟಿದ. ಗೌರಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು.

ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಒಂದು ದಿನವಾದರೂ ತನ್ನ ಬಾಯೊಳಗೆ ಹೀಗೆ ಇಣುಕಿದ್ದಾಳಾ? ತನ್ನ ಮುಂದೆ ಹೀಗೆ ನಾಚಿಕೊಂಡು ನಕ್ಕಿದ್ದಾಳಾ? ಬೋರಪ್ಪ ಕೈ ತೊಳೆಯುವುದನ್ನೇ ಮರೆತ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಗೌರಕ್ಕ ಕಿಟಕಿಯ ಕಡೆ ನೋಡುತ್ತ, "ರಾಜಣ್ಣನ ಹಲ್ಲು ಎಷ್ಟು ಚೆಂದಾಗವೆ ಅಲ್ವಾ? ಗೊತ್ತೇ ಆಗಕಿಲ್ಲ ಕಟ್ಟಿದ್ವು ಅಂತ," ಅಂದಳು.

ಬೋರಪ್ಪ ಟಿಕೆಟ್ಟನ್ನು ಬೆರಳಲ್ಲಿ ಹೊಸೆದು ಹೊಸೆದು ಉಂಡೆ ಮಾಡಿದ.

ಅಲ್ಲಿಂದ ಶುರುವಾಯಿತು ನೋಡಿ. ಉಂಡರೆ ರಾಜಣ್ಣನ ಹಲ್ಲು, ಮಲಗಿದರೆ ರಾಜಣ್ಣನ ಹಲ್ಲು. ಹೆಂಡತಿ ಒಲೆ ಮುಂದೆ ಸುಮ್ಮನೆ ಕೂತಿದ್ದರೂ ಅದನ್ನೇ ನೆನೆಯುತ್ತಿದ್ದಾಳೆ ಅನ್ನಿಸುವುದು. ಸಿರಾ ಸಂತೆಯಲ್ಲಿ ಅವನಿಗೆ ಕೆಲಸದ ಮೇಲೆ ಗಮನವೇ ನಿಲ್ಲಲಿಲ್ಲ. ಪಾವಗಡದ ಒಬ್ಬ ವ್ಯಾಪಾರಿ ಟಗರಿನ ಬಾಯಿ ತೋರಿಸಿದರೆ, ಆರು ಹಲ್ಲಿನದನ್ನು "ನಾಕಲ್ಲು" ಅಂದುಬಿಟ್ಟ. ವ್ಯಾಪಾರಿ ಬೆಚ್ಚಿಬಿದ್ದು, ತನ್ನ ಅರೆತೆಲುಗಿನಲ್ಲಿ, "ಏಮಿ ಬೋರಪ್ಪಾ, ಲೆಕ್ಕ ತಪ್ಪಿಂದಾ? ನೀ ಬಾಯಿ ಯಾಕೆ ಇಂಗೆ ಬಿಗ್ಕೊಂಡೈತೆ, ಹಲ್ಲುನೋವಾ?" ಅಂದ. ಬೋರಪ್ಪನ ಕೈ ತನಗೇ ಗೊತ್ತಿಲ್ಲದೆ ಬಾಯಿಗೆ ಹೋಯಿತು.

ಮನೆಗೆ ಬಂದವನೇ ಟವಲು ಒದರಿ, "ನಾನೂ ಹಲ್ಲು ಕಟ್ಟುಸ್ತೀನಿ. ನಾಲ್ಕಲ್ಲ, ಮೇಲಿಂದೆಲ್ಲಾನೂ. ಮದ್ಗಿರಿಗೆ ಹೋಗನ," ಅಂದ.

ಗೌರಕ್ಕ ಮುಖವೆತ್ತಿ ನೋಡಿದಳು. ಅವಳ ಕಣ್ಣು ಯಾಕೋ ಹೊಳೆಯಿತು. "ನಾನೂ ಬತ್ತೀನಿ," ಅಂದಳು.

'ಬಾ, ಬಾ, ನೋಡು' ಅಂದುಕೊಂಡ ಬೋರಪ್ಪ. ತಿರುಪಿನ ಹಲ್ಲು ಹಾಕಿಸಿಕೊಂಡು ಕಳ್ಳಂಬೆಳ್ಳಕ್ಕೆ ಹೋಗಬೇಕು, ರಾಜಣ್ಣನ ಎದುರು ಕಬ್ಬು ಸಿಗಿಯಬೇಕು, ಅದನ್ನು ಇವಳು ನೋಡಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ. ಹಲ್ಲು ನೆಪ. ಇವಳ ಕಣ್ಣು ಒಂದು ಸಲ ತನ್ನ ಕಡೆ ಹಾಗೆ ತಿರುಗಬೇಕಿತ್ತು.

ಇನ್ನು ಇವನು ಆಸ್ಪತ್ರೆಗೆ ಹೊರಟ ಚಂದ ಕೇಳಿ. ಕುರಿಯನ್ನು ಸಂತೆಗೆ ಹೊಡೆಯುವ ಮುಂಚೆ ದಲ್ಲಾಳಿ ಏನು ಮಾಡುತ್ತಾನೆ? ಹಿಂದಿನ ದಿನ ಮೈ ತೊಳೆಯುತ್ತಾನೆ, ಗೊರಸು ಕೆತ್ತುತ್ತಾನೆ, ಬೆನ್ನಿಗೆ ಕೆಮ್ಮಣ್ಣು ಸವರುತ್ತಾನೆ, ಕೆಮ್ಮುವ ಕುರಿಯಾದರೆ ಗಂಟಲಿಗೆ ಬೆಲ್ಲ ಹಾಕಿ ಕೆಮ್ಮು ಮುಚ್ಚುತ್ತಾನೆ. ಐಬು ಇದ್ದರೆ ಕೊಳ್ಳುವವನು ಕಂಡುಹಿಡಿಯಬೇಕು, ಮಾರುವವನು ಬಾಯಿಬಿಡಬಾರದು. ಬೋರಪ್ಪ ನಲವತ್ತು ವರ್ಷ ಇದನ್ನೇ ಮಾಡಿಕೊಂಡು ಬಂದವನು. ಡಾಕ್ಟರಮ್ಮನ ಹತ್ತಿರ ಹೋಗುವಾಗಲೂ ಅದೇ ಬುದ್ಧಿ. ಮೀಸೆಗೆ ಕಪ್ಪು ಬಳಿದುಕೊಂಡ. ಎರಡು ದಿನ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದು ಬಿಟ್ಟ. ಮೇಲ್ದುಟಿಯ ಸಂದಿಯಲ್ಲಿ ದಿನವಿಡೀ ಕೂತಿರುತ್ತಿದ್ದ ಕಡ್ಡಿಪುಡಿ ಹೊಗೆಸೊಪ್ಪನ್ನು ಹಿಂದಿನ ದಿನವೇ ಉಗುಳಿ, ಉಪ್ಪು ಇದ್ದಿಲು ಹಾಕಿ ಬಾಯಿ ತಿಕ್ಕಿ ತಿಕ್ಕಿ ಒಸಡಿನಲ್ಲಿ ರಕ್ತ ಬರಿಸಿಕೊಂಡ. ಕೊನೆಗೆ ಒಂದು ಏಲಕ್ಕಿ ಬಾಯಿಗೆಸೆದುಕೊಂಡು ಬಸ್ಸು ಹತ್ತಿದ.

ಮಧುಗಿರಿಯಲ್ಲಿ ಡಾಕ್ಟರು ಸ್ನೇಹಲತಾ ಅವರದು ಬೆಟ್ಟ ಕಾಣುವ ಬೀದಿಯಲ್ಲಿ ಮೊದಲ ಮಹಡಿ. ವಯಸ್ಸು ಮೂವತ್ತೈದರ ಆಸುಪಾಸು, ಬಯಲುಸೀಮೆಯ ಹುಡುಗಿಯೇ. ಮೊದಲು ಒಂದು ಯಂತ್ರದ ಮುಂದೆ ನಿಲ್ಲಿಸಿ ಬೋರಪ್ಪನ ದವಡೆಯ ಸ್ಕ್ಯಾನ್ ತೆಗೆಸಿದರು. ಆಮೇಲೆ ಕುರ್ಚಿಯಲ್ಲಿ ಒರಗಿಸಿ, ಪಕ್ಕದಲ್ಲಿ ಸ್ಟೂಲು ಹಾಕಿ ಗೌರಕ್ಕನನ್ನು ಕೂರಿಸಿ, ಗದ್ದ ಹಿಡಿದು ಹೆಬ್ಬೆರಳಲ್ಲಿ ಅವನ ತುಟಿ ಎತ್ತಿದರು.

ಬೋರಪ್ಪ ಕಣ್ಣು ಮೇಲೆ ಮಾಡಿ ಆ ಹೆಬ್ಬೆರಳನ್ನೇ ನೋಡಿದ. ಅರೆ, ಇದು ನಾನು ಮಾಡೋ ಕೆಲಸ! ಒಂದೇ ವ್ಯತ್ಯಾಸ, ಈಯಮ್ಮ ಮೇಲ್ದುಟಿ ಎತ್ತಿದ್ದಳು.

"ಹಲ್ಲು ಹೋಗಿ ಎಷ್ಟು ವರ್ಷ ಆಯ್ತು, ಯಜಮಾನ್ರೇ?"

"ಮೂರೋ ನಾಕೋ ವರ್ಷ ಆಗಿರ್ಬೇಕು ಬುಡಿ."

ಗೌರಕ್ಕ ಅವನ ಮುಖ ನೋಡಿದಳು. ದಲ್ಲಾಳಿಯ ಹೆಂಡತಿ, ಮಾತಿನ ಮಧ್ಯೆ ಬಾಯಿ ಹಾಕಬಾರದು ಅಂತ ಗೊತ್ತಿದ್ದವಳು.

"ಹೆಂಗೆ ಹೋದ್ವು?"

"ಬಿದ್ದೋಗ್ಬುಟ್ಟೆ ಕಣಮ್ಮ. ಮೊಪೆಡ್ಡಿನಿಂದ." ರಾಜಣ್ಣನ ಮೊಪೆಡ್ಡನ್ನೂ ಬಿಡಲಿಲ್ಲ ಮಹರಾಯ.

"ಶುಗರ್ ಇದೆಯಾ?"

"ಎಲ್ಲಿ ಬಂತು! ಒಂದ್ ಚೂರೂ ಇಲ್ಲ."

"ಹೊಗೆಸೊಪ್ಪು, ಕಡ್ಡಿಪುಡಿ?"

"ಅದ್ರ ವಾಸ್ನೆ ಕಂಡ್ರೇ ಆಗಕಿಲ್ಲ ನಂಗೆ."

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು. ಬೂದು ಬಣ್ಣದ ದವಡೆ ಮೂಡಿತ್ತು.

"ಯಜಮಾನ್ರು ಏನು ಕೆಲಸ ಮಾಡೋದು?"

"ಕುರಿ ಬಾಯಿ ನೋಡೋದು," ಅಂದಳು ಗೌರಕ್ಕ.

"ಹಾಗಾದ್ರೆ ನಾವಿಬ್ರೂ ಒಂದೇ ಕಸುಬಿನೋರು. ಮಾರೋನು ಹೇಳೋದು ಬೇರೆ, ಬಾಯಿ ಹೇಳೋದು ಬೇರೆ, ಅಲ್ವಾ? ನಿಮ್ಮ ಬಾಯಿ ಏನು ಹೇಳುತ್ತೆ ನೋಡಿ." ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು. "ಹಲ್ಲು ಇರೋತನಕ ಮೂಳೆಗೆ ಕೆಲಸ. ಹಲ್ಲು ಹೋಯ್ತು ಅಂದ್ರೆ ಅದನ್ನು ಹಿಡಿದಿದ್ದ ಮೂಳೆ ವರ್ಷದಿಂದ ವರ್ಷಕ್ಕೆ ಕರಗುತ್ತೆ. ಮೇಲ್ದವಡೆ ಮೂಳೆ ಮೊದಲೇ ಮೆದು, ಬೇಗ ಕರಗುತ್ತೆ. ಇಲ್ಲಿ ಬೆರಳು ದಪ್ಪ ಇರಬೇಕಾದದ್ದು ಹಪ್ಪಳದಷ್ಟಾಗಿದೆ. ಇದು ಮೂರು ವರ್ಷದ್ದಲ್ಲ. ಹದಿನೈದಕ್ಕೆ ಕಡಿಮೆ ಇಲ್ಲ."

ಬೋರಪ್ಪ ಮನಸ್ಸಲ್ಲೇ ಎಣಿಸಿದ. ಒಂದೇ ವರ್ಷದ ಅಂತರ. ಹದಿನಾರು.

"ಬಿದ್ದು ಮುರಿದ ಹಲ್ಲಿನ ಮೂಳೆ ಹೀಗೆ ಕಾಣೋದಿಲ್ಲ. ನಿಮ್ಮದು ಒಸಡಿನ ರೋಗದಿಂದ ಹೋದದ್ದು. ಹಲ್ಲು ಹೋಗೋಕೆ ಮುಂಚೆಯೇ ಕೀವು ಮೂಳೇನ ತಿಂದಿತ್ತು. ಕೆಳಗೆ ನೋಡಿ, ನಿಮ್ಮ ಸ್ವಂತ ಹಲ್ಲು ಗಟ್ಟಿ ಇವೆ. ಅವು ದಿನಾ ಮೇಲಿನ ಸೆಟ್ಟಿಗೆ ಕುಟ್ಟುತ್ತವೆ, ಸೆಟ್ಟು ಒಸಡಿಗೆ ಕುಟ್ಟುತ್ತೆ, ಮುಂದಿನ ಮೂಳೆ ಸವೆಯುತ್ತೆ. ಇನ್ನು ಈ ಸಂದಿ," ಅಂತ ಅವನ ಮೇಲ್ದುಟಿಯನ್ನು ಮತ್ತೆ ಎತ್ತಿ ಗೌರಕ್ಕನಿಗೂ ತೋರಿಸಿದರು, "ಬಿಳಿಚಿಕೊಂಡು ಸುಕ್ಕಾಗಿದೆ. ವರ್ಷಗಟ್ಟಲೆ ಇಲ್ಲಿ ಹೊಗೆಸೊಪ್ಪು ಕೂತಿತ್ತು. ಏಲಕ್ಕಿ ಪರಿಮಳ ಚೆನ್ನಾಗಿದೆ."

ಸಂತೆಯ ಮಧ್ಯೆ ತಾನು ತೊಳೆದು ತಂದ ಟಗರಿನ ಬೆನ್ನಿನ ಕೆಮ್ಮಣ್ಣನ್ನು ಯಾರೋ ಎಂಜಲು ಬೆರಳಲ್ಲಿ ಒರೆಸಿ ತೋರಿಸಿದ ಹಾಗಾಯಿತು. ಬೆರಳು ಚುಚ್ಚಿ ರಕ್ತ ತೆಗೆದು ನೋಡಿದರು. ಶುಗರು ಇನ್ನೂರ ಎಂಬತ್ತು. ಅದೂ ಬೀದಿಗೆ ಬಿತ್ತು.

"ಈ ಶುಗರಲ್ಲಿ, ಈ ಹೊಗೆಸೊಪ್ಪಲ್ಲಿ, ಈ ಮೂಳೇಲಿ ತಿರುಪು ಹಾಕಿದ್ರೆ ನಿಲ್ಲೋದಿಲ್ಲ. ಮೊದಲು ಅವೆರಡೂ ಹತೋಟಿಗೆ ಬರಬೇಕು. ಆಮೇಲೆ ಮೂಳೆ ಕಸಿ ಮಾಡೋಕಾಗುತ್ತಾ ನೋಡಬೇಕು. ಆದ್ರೆ ಖಂಡಿತ ಅಂತ ಹೇಳಲ್ಲ."

"ಆ ನನ್ಮಗಂಗೆ ಮೂಳೆ ಐತೆ, ನಂಗಿಲ್ವಾ?" ಅಂದುಬಿಟ್ಟ ಬೋರಪ್ಪ.

"ಯಾರಿಗೆ?"

"ಯಾರೂ ಇಲ್ಲ ಬುಡಿ."

ಡಾಕ್ಟರು ಬಿಡಲಿಲ್ಲ, ಕೇಳುವುದನ್ನು ಕೇಳಿಯೇ ತೀರುವ ಪೈಕಿ. "ಕೊನೇದು ಒಂದು. ರಾತ್ರಿ ಮಲಗುವಾಗ ಸೆಟ್ಟು ತೆಗೆದು ನೀರಲ್ಲಿ ಇಡ್ತೀರಾ? ಒಸಡಿಗೂ ಮೂಳೆಗೂ ರಾತ್ರಿಯಾದ್ರೂ ಬಿಡುವು ಬೇಕು."

"ದಿನಾ ತೆಗ್ದು ಇಡ್ತೀನಿ. ತಪ್ಪಂಗೇ ಇಲ್ಲ."

"ಸುಳ್ಳು," ಅಂದಳು ಗೌರಕ್ಕ.

ಇಷ್ಟು ಹೊತ್ತು ಹದಿನಾರನ್ನು ಮೂರು ಅಂದಾಗ ಸುಮ್ಮನಿದ್ದವಳು, ಮೊಪೆಡ್ಡಿನಿಂದ ಬಿದ್ದೆ ಅಂದಾಗ ಸುಮ್ಮನಿದ್ದವಳು, ಈಗ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು.

"ಸುಳ್ಳು ಕಣಮ್ಮ. ಹದ್ನಾರು ವರ್ಸದಿಂದ ಒಂದಿನಾನೂ ಈವಯ್ಯನ ಬರೀಬಾಯಿ ನಾನು ನೋಡಿಲ್ಲ. ಕುರಿ ಹಟ್ಟೀಲಿ ಹೈಕಳ ಮುಂದೆಲ್ಲ ತೆಗ್ದು ತೊಳ್ಕೊಂತಾನಂತೆ. ನನ್ ಮುಂದೆ ಮಾತ್ರ ಇಲ್ಲ. ಜರ ಬಂದು ಮಲ್ಗಿದ್ರೂ ಬಾಯಿ ಬಿಗ್ಕೊಂಡೇ ಮಲಗ್ದ. ನಾನೇನು ಹೊರಗಿನೋಳಾ? ಕಟ್ಕೊಂಡ ಹೆಂಡ್ತಿ ಮುಂದೆ ಯಾಕಂಗೆ ಮುಚ್ಕೊಬೇಕು, ಕೇಳಮ್ಮ ನೀನೇ."

"ಹೌದು, ಯಾಕೆ?" ಅಂದರು ಡಾಕ್ಟರು. "ಈ ಮೂಳೆ ಇಷ್ಟು ಸವೆಯೋಕೆ ಅದೂ ಒಂದು ಕಾರಣ."

ಬೋರಪ್ಪ ಕುರ್ಚಿಯ ಕೈ ಹಿಡಿದುಕೊಂಡ. ಕುರ್ಚಿ ಒರಗಿಸಿದ್ದರಿಂದ ಎದ್ದು ಹೋಗುವ ಹಾಗೂ ಇರಲಿಲ್ಲ. ಮಾರುವ ಮಾತು ಅವನ ಹತ್ತಿರ ಇನ್ನೊಂದೂ ಉಳಿದಿರಲಿಲ್ಲ.

"ಅವ್ನು ಮೊದ್ಲು ನೋಡ್ಕೊಂಡು ಹೋದೋನು ಕಣಮ್ಮ," ಅಂದ, ಚಾವಣಿಯ ಕಡೆ ನೋಡುತ್ತ. "ನಾನು ಎರಡ್ನೇದಾಗಿ ಹೋದೋನು. ಬೊಚ್ಚುಬಾಯಿ ನೋಡಿದ್ರೆ ಇವ್ಳು ಅವನ್ನೇ ನೆನೆಸ್ಕೊಳಾಕಿಲ್ವಾ?"

"ಯಾವನ್ನ?" ಗೌರಕ್ಕನಿಗೆ ನಿಜವಾಗಿಯೂ ಹೊಳೆಯಲಿಲ್ಲ.

"ಯಾವನ್ನ ಅಂತಾಳೆ! ರಾಜಣ್ಣನ್ನ. ಹಿತ್ಲಾಗೆ ಅವ್ನ ಬಾಯಿ ಒಳೀಕೆ ಹೋಗಿ ಇಣುಕ್ತಿದ್ದೆ. ಬಸ್ನಾಗೆ ರಾಜಣ್ಣನ ಹಲ್ಲು ಚೆಂದ ಅಂದೆ. ನಾನು ಪಾವಗಡಕ್ಕೋದಾಗ ಅವನ ಮೊಪೆಡ್ ಹತ್ಕೊಂಡು ಸಿರಾಕ್ಕೋಗಿದ್ದೆ, ಮಕ ಮುಚ್ಕೊಂಡು. ನಂಗೊತ್ತಿಲ್ಲ ಅನ್ಕೊಂಡಿದ್ದೀಯಾ? ಹನ್ನೆಲ್ಡು ವರ್ಸದಿಂದ ಗೊತ್ತು."

ಗೌರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಎದ್ದು ಕುರ್ಚಿಯ ಹತ್ತಿರ ಬಂದಳು. ಬಂದು, ಬಾಯಿಗೆ ಒತ್ತಿಕೊಂಡಿದ್ದ ಸೆರಗು ಕೆಳಗೆ ಬಿಟ್ಟಳು. ಬಾಯಿ ದೊಡ್ಡದಾಗಿ ತೆರೆದಳು. ತನ್ನ ಬೆರಳಲ್ಲೇ ಮೇಲ್ದುಟಿ ಎತ್ತಿ ಹಿಡಿದಳು.

ಎಡಗಡೆ ಮೇಲೆ ಮೂರು ಹಲ್ಲಿರಲಿಲ್ಲ. ಬಲಗಡೆ ಎರಡು. ಅಂಚಿಗೆ ಕಾಣುವ ಒಂದು ಹಲ್ಲೂ ಅರ್ಧ ಮುರಿದಿತ್ತು.

"ಹಲ್ಲು ಚೆಂದ ಅಂದೆ," ಅಂದಳು. "ರಾಜಣ್ಣ ಚೆಂದ ಅಂದೆನಾ? ನಂಗೂ ಬೇಕಿತ್ತು ಕಣಯ್ಯ. ಅದ್ಕೇ ಇಣುಕ್ತಿದ್ದೆ. ನೋವಾಗ್ತದಾ ಅಂತ ಕೇಳ್ತಿದ್ದೆ. 'ಅತ್ಗೆ, ನೀನೂ ಹಾಕುಸ್ಕೊ, ಅಣ್ಣಂಗೆ ಹೇಳು' ಅಂದ. 'ನಿಮ್ಮಣ್ಣಂಗೆ ನನ್ ಬಾಯಾಗೆ ಹಲ್ಲೈತೋ ಇಲ್ವೋ ಅದೇ ಗೊತ್ತಿಲ್ಲ' ಅಂತ ನಗಾಡ್ದೆ."

ಬೋರಪ್ಪ ಕುರ್ಚಿಯಲ್ಲಿ ಮಲಗಿದ ಹಾಗೇ ಅವಳ ಬಾಯಿ ನೋಡುತ್ತಿದ್ದ.

"ನೀನು ಪಾವಗಡಕ್ಕೋಗಿದ್ಯಲ್ಲ, ಆವಾಗ ಇಲ್ಲಿ ಕೆನ್ನೆ ಇಷ್ಟು ಊದ್ಕೊಂಡಿತ್ತು. ಜರ ಬೇರೆ. ವನಜಾಕ್ಷಿಗೆ ಪೋನ್ ಮಾಡ್ದೆ. ಅವ್ಳು ಗಂಡನ್ನ ಕಳ್ಸಿದ್ಲು. ಸಿರಾ ಆಸ್ಪತ್ರೇಲಿ ಮೂರೂ ಒಂದೇ ದಿನ ಕಿತ್ತಾಕುದ್ರು. ಮಕ ಮುಚ್ಕೊಳ್ದೆ ಇನ್ನೇನು, ಊದಿದ ಮಕ ಊರಿಗೆಲ್ಲ ತೋರುಸ್ಲಾ? ನೀನು ಬಂದ್ಮೇಲೆ ಹೇಳಾನ ಅಂದ್ರೆ ಒಂದ್ ತಿಂಗ್ಳು ಮಾತೇ ಆಡ್ಲಿಲ್ಲ. ಯಾತಕ್ಕೋ ಏನೋ, ಕುರಿ ಯಾಪಾರ ಕೆಡ್ತೇನೋ ಅಂತ ಸುಮ್ನಾದೆ. ಆಮ್ಯಾಕೆ ಹೇಳೋದು ಏನುಳೀತು? ಮುದ್ದೆ ನುಂಗೋಕೆ ಹಲ್ಲು ಯಾಕೆ ಬೇಕು."

ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ಅಗಿದವರನ್ನು ಹಟ್ಟಿಯ ಹೈಕಳೂ ಆಡಿಕೊಳ್ಳುತ್ತವೆ. ಹನ್ನೆರಡು ವರ್ಷ ದಿನಕ್ಕೆರಡು ಹೊತ್ತು ಎದುರು ಬದುರು ಕೂತು ಗಂಡ ಹೆಂಡತಿ ಮುದ್ದೆ ನುಂಗಿದ್ದರು. ಬಾಡಿನ ತುಂಡನ್ನು ಅವಳು ತನ್ನ ತಟ್ಟೆಯಿಂದ ತೆಗೆದು ಇವನ ತಟ್ಟೆಗೆ ಹಾಕುತ್ತಿದ್ದಳು. ಪ್ರೀತಿಗೆ ಹಾಕುತ್ತಾಳೆ ಅಂತ ತಿಂದಿದ್ದ.

ಡಾಕ್ಟರು ಗೌರಕ್ಕನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಅವಳದ್ದೂ ಒಂದು ಸ್ಕ್ಯಾನ್ ತೆಗೆಸಿ ತಂದರು. ಪರದೆಯ ಮೇಲೆ ಇನ್ನೊಂದು ಬೂದು ದವಡೆ ಬಂತು.

"ಅಮ್ಮಂದು ಬಲಗಡೆ ಮೂಳೆ ಪರವಾಗಿಲ್ಲ. ಎಡಗಡೆ ಮೇಲುಗಡೆಯಿಂದ ಸೈನಸ್ ಅನ್ನೋ ಗಾಳಿಗೂಡು ಕೆಳಕ್ಕೆ ಇಳಿದುಬಿಟ್ಟಿದೆ. ಹಿಂದಿನ ಮೇಲ್ಹಲ್ಲು ಹೋಗಿ ಬಹಳ ವರ್ಷ ಬಿಟ್ಟರೆ ಹೀಗಾಗುತ್ತೆ. ಆವಾಗಲೇ ಬಂದು ಕೇಳಿದ್ದರೆ ಸುಲಭ ಇತ್ತು. ಈಗ ಸ್ವಲ್ಪ ಮೂಳೆ ತುಂಬಿ ಮಾಡಬೇಕು. ಇನ್ನೂ ಬಿಟ್ರೆ ಅದೂ ಕಷ್ಟ." ಕಾಗದ ತೆಗೆದುಕೊಂಡು ಬರೆಯಲು ಕೂತವರು ಬೋರಪ್ಪನ ಕಡೆ ತಿರುಗಿದರು. "ಅಮ್ಮನಿಗೆ ಶುಗರ್ ಇದೆಯಾ? ಮೂಳೆ ಸವೆತಕ್ಕೆ ಏನಾದರೂ ಮಾತ್ರೆ? ಮುಟ್ಟು ನಿಂತು ಎಷ್ಟು ವರ್ಷ? ಬಲಗಡೆಯ ಎರಡು ಹಲ್ಲು ಯಾವಾಗ ಹೋದ್ವು?"

ಬೋರಪ್ಪ ಉತ್ತರಕ್ಕೆ ಬಾಯಿ ತೆರೆದ. ಯಾವ ಹಟ್ಟಿಯ ಯಾವ ಕುರಿ ಯಾವ ತಿಂಗಳಲ್ಲಿ ಈಯಿತು, ಯಾವ ಟಗರು ಎಷ್ಟು ಹಲ್ಲಿನದು, ಎಲ್ಲ ನಾಲಿಗೆ ತುದಿಯಲ್ಲಿಟ್ಟುಕೊಂಡವನಿಗೆ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಈ ಸಲ ಸುಳ್ಳು ಹೇಳಲೂ ಏನೂ ತೋಚಲಿಲ್ಲ.

ಗೊತ್ತಿದ್ದವನು ರಾಜಣ್ಣ. ಹಲ್ಲು ಕೀಳಿಸಿದಾಗ ಪಕ್ಕದಲ್ಲಿ ನಿಂತಿದ್ದವನು ರಾಜಣ್ಣ. ಹನ್ನೆರಡು ವರ್ಷ ಅವಳು ಸೆರಗು ಬಾಯಿಗಿಟ್ಟು ಯಾಕೆ ನಗುತ್ತಾಳೆ ಅಂತ ತಿಳಿದಿದ್ದವನು ರಾಜಣ್ಣ. ಬೋರಪ್ಪನ ಹೊಟ್ಟೆಯ ಬೆಂಕಿ ಆರಲಿಲ್ಲ ಸ್ವಾಮಿ, ಯಾಕೆ ಆರುತ್ತೆ? ಇಷ್ಟು ವರ್ಷ ಇಲ್ಲದ್ದಕ್ಕೆ ಉರಿದಿದ್ದ. ಉರಿಯಲಿಕ್ಕೆ ನಿಜವಾದ ಕಾರಣ ಇವತ್ತು ಸಿಕ್ಕಿತು. ಆದರೆ ಬಯ್ಯಲು ರಾಜಣ್ಣ ಮಾಡಿದ ತಪ್ಪು ಯಾವುದೂ ಅದರಲ್ಲಿ ಇರಲಿಲ್ಲ.

ಕೈ ಊರಿ ಎದ್ದು ಕೂತ. ಹೆಬ್ಬೆರಳು ಬಾಯಿಗೆ ಹಾಕಿ ಮೇಲಿನ ಸೆಟ್ಟನ್ನು ಎಳೆದು ತೆಗೆದು, ಪಕ್ಕದಲ್ಲಿದ್ದ ಸ್ಟೀಲು ಲೋಟದ ನೀರಿಗೆ ಹಾಕಿದ. ತುಟಿ ಒಳಕ್ಕೆ ಕುಸಿಯಿತು. ಕಪ್ಪು ಮೀಸೆಯ ಕೆಳಗೆ ಅದು ಚಿಕ್ಕ ಮಗುವಿನ ಬಾಯಿಯಷ್ಟಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಗೌರಕ್ಕ ಅದನ್ನು ನೋಡಿದಳು. ಅವಳ ಕೈ ಅಭ್ಯಾಸಬಲದಿಂದ ಸೆರಗು ಎತ್ತಿಕೊಂಡು ಬಾಯಿಯ ಕಡೆ ಹೋಯಿತು.

ಬೋರಪ್ಪ ಆ ಕೈ ಹಿಡಿದ.

"ನಂದು ಆಮ್ಯಾಕೆ ನೋಡೋವ್ರಂತೆ," ಅಂದ ಡಾಕ್ಟರಿಗೆ. ಹಲ್ಲಿಲ್ಲದ ಬಾಯಲ್ಲಿ ಅರ್ಧ ಗಾಳಿಯೇ ಬಂತು. "ಇವಳ್ದು ಮೊದ್ಲು ಮಾಡಮ್ಮ."

ಆಮೇಲೆ ಹೆಂಡತಿಯ ಗದ್ದವನ್ನು ಹಿಡಿದು ಬೆಳಕಿನ ಕಡೆ ತಿರುಗಿಸಿ, ಹೆಬ್ಬೆರಳಲ್ಲಿ ಅವಳ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿದ.

"ಬಲಗಡೆದು ಯಾವ ವರ್ಸ ಹೋಗಿದ್ದು?" ಅಂತ ಕೇಳಿದ. "ಹೇಳು. ಆ ರಾಜಣ್ಣಂಗೆ ಇದೂ ಮೊದ್ಲೇ ಗೊತ್ತಾ?"